ಹಳೇ ಬಂಗಲೆ ರಿಪೇರಿಗೆ ಸಂಬಳದ ತಂಡ: ಸಕಲೇಶಪುರ–ಮೂಡಿಗೆರೆ ಕಡೆಯ ಒಂದು ಗುತ್ತಿಗೆ ಕೆಲಸದ ವಿಮರ್ಶೆ

ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆ ತೋಟದ ಹಳೇ ಬಂಗಲೆ ರಿಪೇರಿ ಮಾಡಿಸಬೇಕೆಂದರೆ ಮೂರು ಥರದ ಗುತ್ತಿಗೆ ಸಿಗುತ್ತದೆ. ಒಂದು ಲೇಬರ್ ಕಂಟ್ರಾಕ್ಟ್: ಸಾಮಾನು ಮನೆಯವರದು, ಆಳು ಮೇಸ್ತ್ರಿಯದು. ಇನ್ನೊಂದು ಒಟ್ಟು ಗುತ್ತಿಗೆ: ಕಂಟ್ರಾಕ್ಟರು ಚದರಕ್ಕೆ (ನೂರು ಚದರ ಅಡಿಗೆ) ಇಷ್ಟು ಅಂತ ಒಪ್ಪಿಕೊಂಡು, ಗಾರೆ ಕೆಲಸವನ್ನು ಒಬ್ಬರಿಗೆ, ಮರಗೆಲಸವನ್ನು ಮತ್ತೊಬ್ಬರಿಗೆ ತುಂಡು ಗುತ್ತಿಗೆಗೆ ಹಂಚಿಬಿಡುತ್ತಾರೆ. ಮೂರನೆಯದು ಅಪರೂಪ. ಗಾರೆಯವರು, ಆಚಾರಿಗಳು, ಹಂಚು ಹೊದಿಸುವವರು, ಕಲ್ಲು ಕೆಲಸದವರು ಎಲ್ಲರೂ ಒಬ್ಬರೇ ಮೇಸ್ತ್ರಿಯ ಕೈಕೆಳಗೆ, ಮಳೆಗಾಲವೂ ಸೇರಿ ವರ್ಷಪೂರ್ತಿ ತಿಂಗಳ ಸಂಬಳಕ್ಕೆ ಇರುವ ತಂಡ. ಇಲ್ಲಿ ನೋಡುತ್ತಿರುವುದು ಈ ಮೂರನೇ ಥರದ ಒಂದು ತಂಡದ ಕೆಲಸವನ್ನು, ಅದೂ ಕೆಲಸ ಮುಗಿದು ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ. ಹೊಸ ಸುಣ್ಣ ಬಳಿದ ದಿನ ಎಲ್ಲ ಗೋಡೆಯೂ ಚೆನ್ನಾಗಿಯೇ ಕಾಣುತ್ತದೆ. ಆಶ್ಲೇಷ ಮಳೆ ದಾಟಿದ ಮೇಲೆ ನೋಡಿದರೆ ಮಾತ್ರ ನಿಜ ಗೊತ್ತಾಗುತ್ತದೆ.

ಬಂಗಲೆ ಮೂಡಿಗೆರೆ ರಸ್ತೆಯ ಕಾಫಿ ತೋಟದೊಳಗಿನದು. ಸೈಜುಗಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ, ಒಳಗೆ ಮಣ್ಣಿನ ಗಾರೆ, ಮೇಲೆ ಸುಣ್ಣದ ಗಾರೆ. ಮೂರು ಕಡೆ ಜಗಲಿ. ಮಂಗಳೂರು ಹಂಚಿನ ಮಾಡು, ಸುಮಾರು 30 ಚದರ. ಹಿಂದಿನ ರಿಪೇರಿಯಲ್ಲಿ ಎರಡು ಕೋಣೆಗೆ ಸಿಮೆಂಟ್ ಪ್ಲಾಸ್ಟರಿಂಗ್ ಮಾಡಿಸಿದ್ದರು, ಎರಡೂ ಕೋಣೆಯಲ್ಲಿ ಸೊಂಟದ ಎತ್ತರದವರೆಗೆ ಅದು ಉಬ್ಬಿ ಹಾಳೆಹಾಳೆಯಾಗಿ ಬಿದ್ದಿತ್ತು. ಈ ಸೀಮೆಯ ಹಳೇ ಬಂಗಲೆಗಳ ಸಾಮಾನ್ಯ ಕಾಯಿಲೆ ಇದು.

ತಂಡದ ಕೆಲಸದ ಬಗ್ಗೆ ಹೇಳುವ ಮೊದಲು ಅದರ ವ್ಯವಸ್ಥೆಯ ಬಗ್ಗೆ ಹೇಳಬೇಕು, ಯಾಕೆಂದರೆ ಮನೆಯವರು ಹೆಚ್ಚು ದುಡ್ಡು ಕೊಡುವುದು ಅದಕ್ಕೇ. ಎಲ್ಲ ಕಸುಬಿನವರನ್ನೂ ಸಂಬಳಕ್ಕಿಟ್ಟುಕೊಳ್ಳುವ ಪದ್ಧತಿಯನ್ನು ಮೊದಲು ದೊಡ್ಡದಾಗಿ ನಡೆಸಿ ತೋರಿಸಿದವರು ಲಂಡನ್ನಿನ ಕಂಟ್ರಾಕ್ಟರ್ ಥಾಮಸ್ ಕ್ಯೂಬಿಟ್. 1788ರಲ್ಲಿ ನಾರ್‌ಫೋಕ್ ಸೀಮೆಯಲ್ಲಿ ಹುಟ್ಟಿದ ಬಡಗಿ. ಹಡಗಿನ ಬಡಗಿಯಾಗಿ ಇಂಡಿಯಾಕ್ಕೆ ಬಂದುಹೋಗಿ, ಆ ಸಂಬಳದಲ್ಲಿ ಉಳಿಸಿದ ದುಡ್ಡಿನಿಂದ ಲಂಡನ್ನಿನಲ್ಲಿ ಸ್ವಂತ ಕೆಲಸ ಶುರು ಮಾಡಿದರು. ಆಗಿನ ರೂಢಿಯೂ ನಮ್ಮ ಈಗಿನ ರೂಢಿಯೇ: ಬಡಗಿ ಬೇರೆ, ಗಾರೆಯವರು ಬೇರೆ, ಕೊಳಾಯಿಯವರು ಬೇರೆ, ಪ್ರತಿಯೊಬ್ಬರದೂ ಪ್ರತ್ಯೇಕ ಕರಾರು. 1815ರಲ್ಲಿ ಲಂಡನ್ ಇನ್‌ಸ್ಟಿಟ್ಯೂಷನ್ ಕಟ್ಟಡದ ಗುತ್ತಿಗೆ ಹಿಡಿದಾಗ, ಬೇರೆಯವರ ಆಳು ಬರುವವರೆಗೆ ಕಾದು ಕೂತರೆ ಹೇಳಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ ಎಂದು ಕ್ಯೂಬಿಟ್‌ಗೆ ಖಾತ್ರಿಯಾಯಿತು. ಗ್ರೇಸ್ ಇನ್ ರಸ್ತೆಯಲ್ಲಿ ಜಾಗ ಹಿಡಿದು, ಕಾರ್ಯಾಗಾರ ಕಟ್ಟಿ, ಎಲ್ಲ ಕಸುಬಿನವರನ್ನೂ ಕಾಯಂ ಕೂಲಿಗೆ ತೆಗೆದುಕೊಂಡರು.

ಅದರಿಂದ ಹುಟ್ಟಿದ ಹೊಸ ಕಷ್ಟವನ್ನೂ ಗಮನಿಸಬೇಕು. ಕೆಲಸ ಇರಲಿ ಬಿಡಲಿ, ಶನಿವಾರ ಕೂಲಿ ಕೊಡಲೇಬೇಕು. ಹೊರಗಿನ ಗುತ್ತಿಗೆ ಒಂದು ಮುಗಿದು ಇನ್ನೊಂದು ಸಿಗುವವರೆಗೆ ಆಳುಗಳಿಗೆ ಏನು ಕೊಡುವುದು? ಅದಕ್ಕಾಗಿಯೇ ಕ್ಯೂಬಿಟ್ ಜಮೀನು ಗೇಣಿಗೆ ಹಿಡಿದು ತಾವೇ ಸಾಲುಸಾಲು ಮನೆ ಕಟ್ಟಿ ಮಾರುವುದಕ್ಕೆ ಇಳಿದರು. ಬ್ಲೂಮ್ಸ್‌ಬರಿ, 1820ರ ದಶಕದಿಂದ ಬೆಲ್‌ಗ್ರೇವಿಯಾ, ಆಮೇಲೆ ಪಿಮ್ಲಿಕೊ ಹೀಗೆ ಲಂಡನ್ನಿನ ಎಷ್ಟೋ ಬೀದಿಗಳು ಎದ್ದವು. ಬೆಲ್‌ಗ್ರೇವಿಯಾ ಜೌಗು ನೆಲ. ಜೇಡಿಯನ್ನು ಅಗೆದು ಅದರಲ್ಲೇ ಇಟ್ಟಿಗೆ ಸುಟ್ಟರು, ಗುಂಡಿಗೆ ಸೇಂಟ್ ಕ್ಯಾಥರಿನ್ ಹಡಗುಕಟ್ಟೆ ಅಗೆದಾಗ ಬಂದ ಮಣ್ಣನ್ನು ದೋಣಿಯಲ್ಲಿ ತರಿಸಿ ತುಂಬಿಸಿದರು.

ಮೂಡಿಗೆರೆ ರಸ್ತೆಯ ತಂಡದ ಲೆಕ್ಕವೂ ಇದೇ. ಸಕಲೇಶಪುರದ ಕಡೆ ವರ್ಷಕ್ಕೆ 2,000 ಮಿಲಿಮೀಟರ್ ಮೇಲೆ ಮಳೆ ಬೀಳುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಕೆಲಸ ನಿಂತಂತೆಯೇ. ಆ ನಾಲ್ಕು ತಿಂಗಳು ಇವರು ಶೆಡ್ಡಿನೊಳಗೆ ಬಾಗಿಲು, ಕಿಟಕಿ, ರೀಪು (ಹಂಚು ಕೂರುವ ಅಡ್ಡಪಟ್ಟಿ) ತಯಾರು ಮಾಡುತ್ತಾರೆ, ಸುಣ್ಣ ಅರಳಿಸಿ ಗುಂಡಿಯಲ್ಲಿ ಹಣ್ಣಾಗಲು ಬಿಡುತ್ತಾರೆ, ಹಳೇ ಮನೆ ಬಿಚ್ಚಿದಲ್ಲಿಂದ ತಂದ ಮರದ ಮೊಳೆ ಕಿತ್ತು ಹೊಂದಿಸಿಡುತ್ತಾರೆ. ಮಳೆಗಾಲದ ಸಂಬಳ ನಿಮ್ಮ ಬಿಲ್ಲಿನಲ್ಲಿ ಸೇರಿರುತ್ತದೆ. ಇವರ ದರ ಲೇಬರ್ ಕಂಟ್ರಾಕ್ಟಿಗಿಂತ ಹೆಚ್ಚುಕಡಿಮೆ ಕಾಲು ಪಾಲು ಜಾಸ್ತಿ ಬಂತು. ಅದು ದುಬಾರಿ ಅಲ್ಲ ಅನ್ನುವುದೇ ನಮ್ಮ ಅಭಿಪ್ರಾಯ. ಆದರೆ ಕಾರಣ ಗೊತ್ತಿದ್ದು ಕೊಡಬೇಕು.

ಮಾಡು

ಈ ತಂಡದ ಅತ್ಯುತ್ತಮ ಕೆಲಸ ಮಾಡಿನದು. ಮಂಗಳೂರು ಹಂಚು ಒಂದು ಚದರಕ್ಕೆ ಸುಮಾರು 150 ಬೇಕು. ಒಂದೊಂದು ಎರಡೂವರೆ ಕಿಲೋ ಅಂದರೂ ಚದರಕ್ಕೆ 375 ಕಿಲೋ, 30 ಚದರಕ್ಕೆ 11 ಟನ್ನಿನ ಮೇಲೆ, ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಇಷ್ಟು ಭಾರ ಎರಡೂ ಇಳಿಜಾರಿನಲ್ಲಿ ಸಮವಾಗಿ ಕೂತಿರುವುದರಿಂದಲೇ ಪಕಾಸಿಗಳು (ನೆತ್ತಿಯಿಂದ ಗೋಡೆಗೆ ಇಳಿಯುವ ಓರೆ ಮರಗಳು) ಒಂದಕ್ಕೊಂದು ಒರಗಿ ನಿಂತಿರುತ್ತವೆ. ಅವಸರದವರು ಮೊದಲು ಒಂದು ಕಡೆ ಪೂರ್ತಿ ಬಿಚ್ಚುತ್ತಾರೆ. ಆಗ ಭಾರವಿರುವ ಕಡೆ ನೂಕಿ ಮಾಡಿನ ನೆತ್ತಿ ವಾಲುತ್ತದೆ, ಗೋಡೆಯ ಮೇಲಿನ ಅಡ್ಡಮರ ಹೊರಗೆ ಜರುಗುತ್ತದೆ. ಇವರು ಎರಡೂ ಕಡೆ ಆಳು ಹತ್ತಿಸಿ, ನೆತ್ತಿಯಿಂದ ಕೆಳಕ್ಕೆ ಎರಡೆರಡು ಸಾಲು ಜೊತೆಜೊತೆಗೇ ಇಳಿಸಿದರು. ಇಳಿಸಿದ ಹಂಚನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿದರು. ಪಾಚಿಯನ್ನು ತೆಂಗಿನ ನಾರಿನ ಬ್ರಷ್ಷಿನಲ್ಲಿ ಉಜ್ಜಿದರು. ಪ್ರೆಷರ್ ಪಂಪಿನಲ್ಲಿ ತೊಳೆದರೆ ಹಂಚಿನ ಮೇಲಿನ ಗಟ್ಟಿ ಪದರವೇ ಸವೆದು ಮುಂದಿನ ವರ್ಷದಿಂದ ನೀರು ಕುಡಿಯಲು ಶುರುವಾಗುತ್ತದೆ.

ಹಂಚು ಆರಿಸುವುದರಲ್ಲೂ ಇವರಿಗೆ ಕಣ್ಣಿದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಊರಿನಲ್ಲಿ ಒಂದಾದ ಮೇಲೊಂದು ಕಾರ್ಖಾನೆ ಬಂದವು, ಪ್ರತಿಯೊಂದರ ಅಚ್ಚೂ ಕೂದಲೆಳೆಯಷ್ಟು ಬೇರೆ. ಹಂಚಿನ ಅಡಿಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಒಂದೇ ಇಳಿಜಾರಿನಲ್ಲಿ ಎರಡು ಕಾರ್ಖಾನೆಯ ಹಂಚು ಬೆರೆಸಿದರೆ ಕಚ್ಚು ಕೂರುವುದಿಲ್ಲ, ಗಾಳಿಮಳೆಗೆ ಆ ಸಂದಿನಿಂದಲೇ ನೀರು ಒಳಗೆ ಎರಚುತ್ತದೆ. ತಂಡದವರು ಹೆಸರು ನೋಡಿ ಬೇರೆಬೇರೆ ರಾಶಿ ಮಾಡಿ, ಹಳೇ ಹಂಚನ್ನೆಲ್ಲ ಮುಂದಿನ ಇಳಿಜಾರಿಗೆ, ಹೊಸದನ್ನು ಹಿಂದಿನ ಇಳಿಜಾರಿಗೆ ಹಾಕಿದರು. ಹೊಸ ಹಂಚಿಗೆ ಬೆರಳಗೆಣ್ಣಿನಿಂದ ತಟ್ಟಿ ನೋಡುವುದರ ಜೊತೆಗೆ, ಹತ್ತು ಹಂಚನ್ನು ತೂಗಿ 24 ಗಂಟೆ ನೀರಲ್ಲಿಟ್ಟು ಮತ್ತೆ ತೂಗಿದರು. ತೂಕ ಐದನೇ ಒಂದು ಪಾಲಿಗಿಂತ ಹೆಚ್ಚು ಏರಿದರೆ ಆ ಲೋಡು ವಾಪಸ್. ಈ ಪರೀಕ್ಷೆಗೆ ಖರ್ಚೇ ಇಲ್ಲ, ಆದರೂ ಮಾಡುವವರು ಕಡಿಮೆ.

ರೀಪಿನ ಅಂತರವನ್ನು ಪುಸ್ತಕದ ಅಳತೆಯಿಂದ ಹೊಡೆಯಬಾರದು. ನೆಲದ ಮೇಲೆ ಹನ್ನೆರಡು ಹಂಚು ಕಚ್ಚಿಸಿ ಜೋಡಿಸಿ, ಒಮ್ಮೆ ಬಿಗಿಯಾಗಿ, ಒಮ್ಮೆ ಸಡಿಲವಾಗಿ ಅಳೆದು, ನಡುವಿನ ಅಳತೆ ಹಿಡಿಯಬೇಕು. ಬಿಗಿ ಅಳತೆಗೆ ಹೊಡೆದರೆ ಒಡೆದ ಹಂಚು ಬದಲಿಸಲು ಜಾಗವಿರುವುದಿಲ್ಲ, ಸಡಿಲಕ್ಕೆ ಹೊಡೆದರೆ ಮೇಲಿನ ಹಂಚಿನ ಹೊದಿಕೆ ಕಡಿಮೆಯಾಗುತ್ತದೆ. ಇಲ್ಲಿ ಅದು ಹನ್ನೆರಡೂವರೆ ಇಂಚಿನ ಆಸುಪಾಸು ಬಂತು. ಸೂರಿನ ಕಡೆಯ ಮೂರು ಸಾಲು ಹಂಚನ್ನು ತಾಮ್ರದ ತಂತಿಯಿಂದ ರೀಪಿಗೆ ಕಟ್ಟಿದ್ದಾರೆ. ಗಾಳಿಗಿಂತ ಹೆಚ್ಚಾಗಿ ಮಂಗಗಳ ಕಾಟಕ್ಕೆ ಇದು ಬೇಕು.

ಪಕಾಸಿ ಕೊಳೆಯುವುದು ಗೋಡೆಯ ಮೇಲೆ ಕೂತ ತುದಿಯಲ್ಲಿ, ನಡುವಲ್ಲಿ ಅಲ್ಲ. ಪೂರ್ತಿ ಪಕಾಸಿ ಬದಲಿಸಿದರೆ ಬಿಲ್ಲು ಬೆಳೆಯುತ್ತದೆ, ಹಳೇ ಮರದ ಗಟ್ಟಿತನವೂ ಹೋಗುತ್ತದೆ. ಇವರ ಆಚಾರಿಗಳು ಕೊಳೆತಷ್ಟನ್ನೇ ಕೊಯ್ದು, ಓರೆ ಸಂದು ಕೊಟ್ಟು ಹೊಸ ತುದಿ ಕೂಡಿಸಿ ಎರಡು ಬೋಲ್ಟು ಹಾಕಿದ್ದಾರೆ. ಐದು ಇಂಚಿನ ಪಕಾಸಿಗೆ ಓರೆಯ ಉದ್ದ ಎರಡು ಅಡಿ. ಅದಕ್ಕಿಂತ ಗಿಡ್ಡ ಓರೆ ಭಾರಕ್ಕೆ ಬಾಯಿ ಬಿಡುತ್ತದೆ. ರೀಪಿಗೂ ಪಕಾಸಿಗೂ ಎರಡು ಸುತ್ತು ಗೇರು ಎಣ್ಣೆ. ಮರ ನಿಮ್ಮ ತೋಟದ್ದೇ ಆದರೂ ಅರಣ್ಯ ಇಲಾಖೆಯ ಅನುಮತಿ ಕಾಗದ ತೋರಿಸದೆ ಇವರು ಬೀಟೆ, ತೇಗ ಮುಟ್ಟುವುದಿಲ್ಲ. ಅದು ಸರಿಯಾದ ಪದ್ಧತಿ.

ಮಾಡಿನಲ್ಲಿ ಒಂದೇ ಒಂದು ತಪ್ಪು: ಎರಡು ಇಳಿಜಾರು ಕೂಡುವ ತಗ್ಗಿಗೆ ಹಾಕಿದ ತಗಡು. ಜಿಐ ತಗಡು 24 ಗೇಜಿನದೇ, ದಪ್ಪಕ್ಕೆ ಕೊರತೆಯಿಲ್ಲ. ಆದರೆ ಅಗಲ ಒಂದು ಅಡಿ. ಈ ಕಡೆಯ ಮಳೆಗೆ ಒಂದೂವರೆ ಅಡಿಗೆ ಕಡಿಮೆ ಹಾಕಬಾರದು, ಎರಡು ಅಡಿ ಇದ್ದರೆ ಒಳ್ಳೆಯದು, ಎರಡೂ ಅಂಚು ಹಂಚಿನಡಿ ಅರ್ಧ ಇಂಚು ಮೇಲಕ್ಕೆ ಮಡಚಿರಬೇಕು. ಜುಲೈನ ಜೋರು ಮಳೆಗೆ ನೀರು ಅಂಚು ದಾಟಿ ಮೂಲೆಯ ಕೋಣೆಗೆ ಇಳಿಯಿತು. ತಂಡದವರು ಮಳೆಯ ನಡುವೆಯೇ ಬಂದು ಅಗಲ ತಗಡು ಹಾಕಿ ಹೋದರು, ದುಡ್ಡು ಕೇಳಲಿಲ್ಲ. ಆಳು ಕಾಯಂ ಇರುವುದರ ಉಪಯೋಗ ಇದು. ತುಂಡು ಗುತ್ತಿಗೆಯ ಹಂಚಿನವರಾಗಿದ್ದರೆ ಆ ಹೊತ್ತಿಗೆ ಯಾವ ಊರಲ್ಲಿರುತ್ತಿದ್ದರೋ.

ಸುಣ್ಣ

ವಿಕ್ಟೋರಿಯಾ ರಾಣಿಯ ಕಾಲದ ಮತ್ತೊಬ್ಬ ದೊಡ್ಡ ಕಂಟ್ರಾಕ್ಟರ್ ಥಾಮಸ್ ಬ್ರಾಸಿ. ಬ್ರಿಟನ್ನಿನ ರೈಲು ಹಾದಿಯಲ್ಲಿ ಮೂರನೇ ಒಂದು ಪಾಲು ಅವರ ಗುತ್ತಿಗೆಯಲ್ಲಿ ಆದದ್ದೆಂದು ಲೆಕ್ಕ ಹಾಕುತ್ತಾರೆ, ಇಂಡಿಯಾದ ಈಸ್ಟರ್ನ್ ಬೆಂಗಾಲ್ ರೈಲ್ವೆಯಲ್ಲೂ ಅವರ ಪಾಲಿತ್ತು. ಫ್ರಾನ್ಸಿನ ಬಾರೆಂಟಿನ್‌ನಲ್ಲಿ ಅವರು ಕಟ್ಟಿದ 27 ಕಮಾನಿನ ಇಟ್ಟಿಗೆ ಸೇತುವೆ, ಎತ್ತರ ಸುಮಾರು 100 ಅಡಿ, ಕಟ್ಟಿ ಮುಗಿಯುತ್ತಿದ್ದಂತೆ 1846ರ ಜನವರಿಯಲ್ಲಿ ಮಳೆ ಹಿಡಿದು ಕುಸಿದುಬಿತ್ತು. ಕರಾರಿನಂತೆ ಸ್ಥಳೀಯ ಸುಣ್ಣವನ್ನೇ ಬಳಸಬೇಕಾಗಿತ್ತು, ಚಳಿಗಾಲದ ಒದ್ದೆಯಲ್ಲಿ ಆ ಗಾರೆ ಗಟ್ಟಿಯಾಗಿರಲಿಲ್ಲ ಎಂಬುದೇ ಮುಖ್ಯ ಕಾರಣವಾಗಿ ಉಳಿಯಿತು. ತಪ್ಪು ಯಾರದೆಂದು ವಾದ ಹೂಡದೆ ಬ್ರಾಸಿ ತಮ್ಮ ಖರ್ಚಿನಲ್ಲೇ ಬೇರೆ ಸುಣ್ಣ ಆರಿಸಿ ಮತ್ತೆ ಕಟ್ಟಿಸಿದರು. ಆ ಸೇತುವೆ ಇಂದಿಗೂ ನಿಂತಿದೆ. ಸುಣ್ಣದ ಕೆಲಸದಲ್ಲಿ ಸುಣ್ಣದ ಜಾತಿ, ಕೆಲಸದ ತಿಂಗಳು ಎರಡೂ ಸರಿಯಿರಬೇಕು. ಮಲೆನಾಡಿಗೆ ಇದು ಇನ್ನೂ ಹೆಚ್ಚು ಅನ್ವಯ.

ಕರಾವಳಿಯಿಂದ ಬರುವ ಚಿಪ್ಪು ಸುಣ್ಣ ಬಹಳ ಶುದ್ಧ, ಆದ್ದರಿಂದಲೇ ಅದು ತಾನಾಗಿ ನೀರಿನಲ್ಲಿ ಗಟ್ಟಿಯಾಗದು, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಹೊರಗಿನಿಂದ ಒಳಕ್ಕೆ ನಿಧಾನವಾಗಿ ಕಲ್ಲಾಗಬೇಕು. ಗೋಡೆ ಪೂರ್ತಿ ಒಣಗಿದರೆ ಆ ಕ್ರಿಯೆ ನಿಲ್ಲುತ್ತದೆ, ರಂಧ್ರಗಳಲ್ಲಿ ನೀರು ತುಂಬಿಕೊಂಡರೂ ನಿಲ್ಲುತ್ತದೆ. ಹೀಗಾಗಿ ಒಳಗೋಡೆಗೆ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಸಾಕು. ಹೊರಗೋಡೆ, ಬುಡದ ಮೂರು ಅಡಿ, ಬಚ್ಚಲ ಬದಿ ಇಲ್ಲೆಲ್ಲ ಸುರ್ಕಿ, ಅಂದರೆ ಇಟ್ಟಿಗೆ ಪುಡಿ ಬೇಕು: ಸುಣ್ಣ ಒಂದು, ಸುರ್ಕಿ ಒಂದು, ಮರಳು ಎರಡು. ಸುರ್ಕಿಯ ಇಟ್ಟಿಗೆ ಕಡಿಮೆ ಸುಟ್ಟದ್ದಾಗಿರಬೇಕು. ಕಪ್ಪಾಗುವಷ್ಟು ಸುಟ್ಟ ಇಟ್ಟಿಗೆಯ ಪುಡಿ ಬರೀ ಮರಳಿದ್ದಂತೆ, ಸುಣ್ಣದೊಂದಿಗೆ ಸೇರಿ ಗಟ್ಟಿಯಾಗುವ ಗುಣ ಅದರಲ್ಲಿ ಸತ್ತಿರುತ್ತದೆ. ತಂಡದವರು ಹಳೇ ನಾಡಹಂಚನ್ನೇ ಕುಟ್ಟಿ ಜರಡಿ ಹಿಡಿದು ಬಳಸಿದರು. ಒಳ್ಳೆಯ ಆಯ್ಕೆ.

ಸುಣ್ಣ ಅರಳಿಸುವುದು ಇವರ ಶೆಡ್ಡಿನಲ್ಲೇ. ನೀರಿಗೆ ಸುಟ್ಟ ಸುಣ್ಣ ಹಾಕುತ್ತಾರೆ, ಸುಣ್ಣಕ್ಕೆ ನೀರು ಹೊಯ್ಯುವುದಿಲ್ಲ, ಕುದಿದು ಸಿಡಿಯುವ ಅಪಾಯ ಹೀಗೆ ಮಾಡಿದರೆ ಕಡಿಮೆ. ಕನ್ನಡಕ, ರಬ್ಬರ್ ಬೂಟು ಕಡ್ಡಾಯ. ಆಮೇಲೆ ಸಣ್ಣ ಜರಡಿಯಲ್ಲಿ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಗುಂಡಿಯಲ್ಲಿಡುತ್ತಾರೆ. ಮೂರು ವಾರ ಕನಿಷ್ಠ, ಮೂರು ತಿಂಗಳಾದರೆ ಉತ್ತಮ. ಬಳಸುವ ಹೊತ್ತಿಗೆ ಅದು ಗಟ್ಟಿ ಮೊಸರಿನ ಹಾಗಿರಬೇಕು. ಬೇಗ ತೆಗೆದರೆ ಅರಳದೆ ಉಳಿದ ಕಾಳುಗಳು ಗೋಡೆಯ ಮೇಲೆ ಕೂತ ಮೇಲೆ ಅರಳಿ, ಕಡಲೆಗಾತ್ರದ ಗುಳಿ ಎಬ್ಬಿಸುತ್ತವೆ. ಈ ಬಂಗಲೆಯಲ್ಲಿ ಅಂಥ ಗುಳಿ ಒಂದೂ ಕಾಣಲಿಲ್ಲ.

ಮರಳಿನದು ಈಗ ದೊಡ್ಡ ತಲೆನೋವು. ಎಂ-ಸ್ಯಾಂಡ್‌ನಲ್ಲಿ ಧೂಳು ಜಾಸ್ತಿ, ಹಾಗೇ ಬಳಸಿದರೆ ಗಾರೆ ಒಣಗುವಾಗ ಕುಗ್ಗಿ ಜೇಡರ ಬಲೆಯಂತೆ ಸೀಳು ಬಿಡುತ್ತದೆ. ತೊಳೆದೇ ಬಳಸಬೇಕು. ಒಂದು ಚದರ ಗೋಡೆಗೆ 15 ಮಿಲಿಮೀಟರ್ ದಪ್ಪದಲ್ಲಿ ಸುಮಾರು ಐದು ಘನ ಅಡಿ ಗಾರೆ ಹಿಡಿಯುತ್ತದೆ, ಕಲ್ಲುಗೋಡೆಯ ಉಬ್ಬುತಗ್ಗಿಗೆ ಇನ್ನೂ ಕಾಲು ಪಾಲು ಸೇರಿಸಿ. ಬಿಲ್ಲಿನಲ್ಲಿ ಸುಣ್ಣ, ಮರಳಿನ ಲೆಕ್ಕ ಇದಕ್ಕಿಂತ ಬಹಳ ಆಚೆ ಹೋದರೆ ಕೇಳಬೇಕು. ಮೊದಲ ಪದರ 12 ಮಿಲಿಮೀಟರ್, ಅದು ಗಟ್ಟಿಯಾಗಿ ಉಗುರಿನಿಂದ ಗೀರಿದರೆ ಮಾತ್ರ ಗುರುತು ಬೀಳುವಂತಾದಾಗ ಮೇಲಿನ 3 ಮಿಲಿಮೀಟರ್. ಗೋಣಿ ತಟ್ಟು ಇಳಿಬಿಟ್ಟು ಹತ್ತು ದಿನ ನೀರು ಚಿಮುಕಿಸಬೇಕು. ಬೆಲ್ಲದ ನೀರು, ಅಳಲೆಕಾಯಿ ನೀರು ಸೇರಿಸುವ ಬಗ್ಗೆ ಮನೆಯವರಿಗೆ ಬಹಳ ಆಸೆ ಇರುತ್ತದೆ. ಬೆಲ್ಲ ಗಾರೆಯನ್ನು ಮೆದುವಾಗಿಸುತ್ತದೆ, ಕಡಿಮೆ ನೀರಿನಲ್ಲಿ ಕಲಸಬಹುದು, ಅದು ನಿಜ. ಆದರೆ ಮಲೆನಾಡಿನ ಒಳಕೋಣೆಯಲ್ಲಿ ಬೆಲ್ಲ ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ತಂಡದವರು ಅದನ್ನು ಜಗಲಿಯ ಮೇಲ್ಪದರಕ್ಕಷ್ಟೇ ಬಳಸಿದ್ದು ಸರಿ.

ಸುಣ್ಣದ ಗಾರೆಯ ತಾಳಿಕೆ ನೋಡಬೇಕೆಂದರೆ ಹಾಸನದಿಂದ ದೂರವಿಲ್ಲದ ಶೆಟ್ಟಿಹಳ್ಳಿಯ ಚರ್ಚಿಗೆ ಹೋಗಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನ ಹೇಮಾವತಿ ಅಣೆಕಟ್ಟು ತುಂಬಿದಾಗ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಎದ್ದು ಬರುತ್ತದೆ. ಮಾಡು ಎಂದೋ ಹೋಗಿದೆ, ಇತ್ತೀಚಿನ ವರ್ಷಗಳಲ್ಲಿ ಕೆಲವು ಭಾಗ ಕುಸಿದಿದೆ, ಆದರೂ ಎತ್ತರದ ಗೋಡೆಗಳು ಎಷ್ಟು ಮಳೆಗಾಲ ನೀರಲ್ಲಿ ನಿಂತವು ಅಂತ ಲೆಕ್ಕ ಹಾಕಿ. ಮಾಡಿಲ್ಲದ ಗೋಡೆಗೆ ಇಷ್ಟು ಆಯುಸ್ಸಾದರೆ, ಮಾಡಿರುವ ನಿಮ್ಮ ಬಂಗಲೆಗೆ ಸಿಮೆಂಟ್ ಪ್ಲಾಸ್ಟರಿಂಗ್ ಯಾಕೆ ಬೇಕು?

ತೇವ

ಇಲ್ಲಿ ತಂಡ ಅವಸರ ಮಾಡಿತು. ಮಣ್ಣಿನ ಗಾರೆಯ ಕಲ್ಲುಗೋಡೆ ನೆಲದಿಂದ ತೇವ ಎಳೆಯುತ್ತದೆ, ಮೇಲೆ ಸುಣ್ಣವಿದ್ದರೆ ಅದು ಆವಿಯಾಗಿ ಹೊರಗೆ ಹೋಗುತ್ತದೆ. ಸಿಮೆಂಟು ಆ ದಾರಿ ಮುಚ್ಚುತ್ತದೆ. ತೇವ ಗೋಡೆಯೊಳಗೇ ಮೇಲೇರುತ್ತದೆ, ಜೊತೆಗೆ ಬಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಅದನ್ನು ತಳ್ಳುತ್ತದೆ. ಸಿಮೆಂಟು ಕಿತ್ತ ಮೇಲೆ ಗೋಡೆಯನ್ನು ಬರಿದಾಗಿ ಬಿಟ್ಟು ಒಣಗಿಸಬೇಕು. ತಿಂಗಳಿಗೆ ಒಂದು ಇಂಚು ಒಣಗುತ್ತದೆ ಅನ್ನುವುದು ಕಸುಬಿನ ಅಂದಾಜು. ಹದಿನೆಂಟು ಇಂಚಿನ ಗೋಡೆ ಎರಡೂ ಕಡೆಯಿಂದ ಒಣಗಿದರೂ ಒಂಬತ್ತು ತಿಂಗಳು. ಇವರು ಡಿಸೆಂಬರ್‌ನಲ್ಲಿ ಕಿತ್ತು ಫೆಬ್ರವರಿಯಲ್ಲಿ ಗಾರೆ ಹೊಡೆದರು. ಮಳೆಗಾಲ ಮುಗಿಯುವಷ್ಟರಲ್ಲಿ ಹಿಂದಿನ ಕೋಣೆಯ ಬುಡದಲ್ಲಿ ಬಿಳೀ ಉಪ್ಪು ಮತ್ತೆ ಮೂಡಿದೆ. ಗಾರೆ ಉಬ್ಬಿಲ್ಲ, ಬ್ರಷ್ಷಿನಲ್ಲಿ ಒಣಗುಡಿಸಿದರೆ ಹೋಗುತ್ತದೆ, ಒಂದೆರಡು ವರ್ಷ ಬರುತ್ತಲೇ ಇರುತ್ತದೆ. ನೀರು ಹಾಕಿ ಒರೆಸಬಾರದು, ಉಪ್ಪು ಕರಗಿ ವಾಪಸ್ ಗೋಡೆಗೇ ಸೇರುತ್ತದೆ. ಆದರೂ ಆ ಎರಡು ಕೋಣೆಯನ್ನು ಮುಂದಿನ ಬೇಸಿಗೆಗೆ ಬಿಡೋಣ ಎಂದು ಮೇಸ್ತ್ರಿಯವರೇ ಹೇಳಬೇಕಾಗಿತ್ತು.

ಸುತ್ತಲ ಮಣ್ಣು ತೆಗೆಯುವ ಕೆಲಸ ಮಾತ್ರ ಎಲ್ಲಕ್ಕಿಂತ ಮೊದಲು, ಸರಿಯಾಗಿ ಮಾಡಿದ್ದಾರೆ. ಹಳೇ ಬಂಗಲೆಯ ಸುತ್ತ ಹೂಗಿಡದ ಮಣ್ಣು, ಗೊಬ್ಬರ, ಜಲ್ಲಿ ಸೇರಿ ನೆಲ ಏರಿಕೊಂಡು ಒಳನೆಲಕ್ಕೆ ಸಮವಾಗಿರುತ್ತದೆ. ಅದನ್ನು ಒಳನೆಲಕ್ಕಿಂತ ಕನಿಷ್ಠ ಆರು ಇಂಚು ತಗ್ಗಿಸಿ, ಗೋಡೆಯಿಂದ ಮೂರು ಅಡಿ ಆಚೆ ಸೂರಿನ ನೀರು ಬೀಳುವಲ್ಲಿ ಕಲ್ಲಿನ ಚರಂಡಿ, ನೂರು ಅಡಿಗೆ ಒಂದು ಅಡಿ ಇಳಿಜಾರು. ಇದಕ್ಕೆ ಆಳು ಖರ್ಚು ಬಿಟ್ಟರೆ ಬೇರೆ ಖರ್ಚಿಲ್ಲ, ತೇವ ಅರ್ಧಕ್ಕರ್ಧ ಇಳಿಯುವುದು ಇದರಿಂದಲೇ. ಕ್ಯೂಬಿಟ್ ಕೂಡ ಕಟ್ಟುವುದರಷ್ಟೇ ಚರಂಡಿಯ ಬಗ್ಗೆ ತಲೆಕೆಡಿಸಿಕೊಂಡ ಮನುಷ್ಯ. ಲಂಡನ್ನಿನ ಕೊಳಚೆಯನ್ನು ಊರ ನಡುವೆ ನದಿಗೆ ಬಿಡಬಾರದು, ಊರಾಚೆ ಒಯ್ಯಬೇಕೆಂದು 1843ರಲ್ಲೇ ಬರೆದು ಅಚ್ಚು ಹಾಕಿಸಿದ್ದರು.

ಹೋಂಸ್ಟೇ ಮಾಡುವವರು ಗಮನಿಸಬೇಕಾದ ಮಾತೊಂದಿದೆ. ಹಳೇ ಕೋಣೆಯ ಮೂಲೆಯನ್ನೇ ಅಡ್ಡಗೋಡೆ ಹಾಕಿ ಅಟ್ಯಾಚ್ಡ್ ಬಾತ್‌ರೂಂ ಮಾಡಿಕೊಡಿ ಅಂದರೆ ಈ ತಂಡ ಒಪ್ಪುವುದಿಲ್ಲ. ಹಿಂಬದಿಯ ಜಗಲಿಯಲ್ಲಿ, ಹಳೇ ಗೋಡೆಗೆ ನಾಲ್ಕು ಇಂಚು ಸಂದು ಬಿಟ್ಟು ಬೇರೆಯೇ ಇಟ್ಟಿಗೆ ಗೂಡು ಕಟ್ಟಿ, ಬಾಗಿಲಿನ ಜಾಗದಲ್ಲಷ್ಟೇ ಸೇರಿಸುತ್ತಾರೆ. ಮಣ್ಣಿನ ಗಾರೆಯ ಗೋಡೆಗೆ ಶವರಿನ ನೀರು ಬಿದ್ದರೆ ಏನಾಗುತ್ತದೆಂದು ಗೊತ್ತಿರುವವರು ಹೀಗೇ ಹಟ ಹಿಡಿಯಬೇಕು.

ಕರೆಂಟು, ನಲ್ಲಿ

ಈ ಸೇವೆಯ ದುರ್ಬಲ ಭಾಗ ಇದು. ವೈರಿಂಗ್, ಪ್ಲಂಬಿಂಗ್ ಎರಡನ್ನೂ ಹೊರಗಿನವರಿಗೆ ಕೊಟ್ಟಿದ್ದಾರೆ. ಎಲೆಕ್ಟ್ರಿಷಿಯನ್ ಬಂದದ್ದು ಗಾರೆ ಮುಗಿದ ಮೇಲೆ. ಹೊಸ ಸುಣ್ಣದ ಗೋಡೆಯನ್ನು ಕೊರೆದು ಪೈಪು ಕೂರಿಸಿ ಸಿಮೆಂಟಿನಲ್ಲಿ ಮೆತ್ತಿಹೋದರು. ಮಳೆಗಾಲದಲ್ಲಿ ಆ ಗೆರೆಗಳೆಲ್ಲ ಕಪ್ಪಗೆ ಎದ್ದು ಕಾಣುತ್ತವೆ, ಯಾಕೆಂದರೆ ಸಿಮೆಂಟ್ ಪಟ್ಟಿಯೂ ಸುಣ್ಣವೂ ತೇವವನ್ನು ಒಂದೇ ಥರ ಬಿಡುವುದಿಲ್ಲ. ಕಲ್ಲುಗೋಡೆಗೆ ಮೇಲಿನಿಂದ ಹಾಯಿಸಿದ ಮರದ ಪಟ್ಟಿಯ ವೈರಿಂಗೇ ಲೇಸು. ಅದಾಗದಿದ್ದರೆ ಮೊದಲ ಪದರಕ್ಕೆ ಮುಂಚೆಯೇ ಕೊರೆಸಿ ಸುಣ್ಣ–ಸುರ್ಕಿಯಲ್ಲೇ ಮುಚ್ಚಿಸಬೇಕು. ಈ ಕ್ರಮವನ್ನು ಕರಾರಿನಲ್ಲೇ ಬರೆಸಿಕೊಳ್ಳಿ. ನೆಲದ ರೆಡ್ ಆಕ್ಸೈಡ್ ತೇಪೆ ಬಣ್ಣ ಕೂಡಿಲ್ಲ. ಅದು ಯಾರ ಕೈಯಲ್ಲೂ ಕೂಡುವುದಿಲ್ಲ, ಇಡೀ ಅಂಕಣವನ್ನೇ ಹೊಸದಾಗಿ ಹಾಕಿಸುವುದು ಒಳ್ಳೆಯದು.

ಕರಾರು, ಬಿಲ್ಲು

ಎಸ್ಟಿಮೇಟು ಬಾಬುವಾರಾಗಿ ಬರುತ್ತದೆ: ಹಂಚು ಇಳಿಸಿ ಹೊದಿಸುವುದು ಚದರಕ್ಕೆ, ರೀಪು ಅಡಿಗೆ, ಪಕಾಸಿ ತುದಿ ಒಂದಕ್ಕೆ, ಗಾರೆ ಚದರಕ್ಕೆ, ಚರಂಡಿ ಅಡಿಗೆ. ಹದಿನೈದು ದಿನಕ್ಕೊಮ್ಮೆ ಮನೆಯವರ ಎದುರಿಗೇ ಟೇಪು ಹಿಡಿದು ಅಳತೆ ಪುಸ್ತಕದಲ್ಲಿ ಬರೆದು ಸಹಿ, ಅದರಂತೆ ಬಿಲ್ಲು. ಹಳೇ ಕಟ್ಟಡಕ್ಕೆ ಇದೇ ಸರಿ, ಒಟ್ಟು ಗುತ್ತಿಗೆ ಸಲ್ಲದು. ಹಂಚು ಇಳಿಸುವವರೆಗೆ ಎಷ್ಟು ಪಕಾಸಿ ಕೊಳೆತಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಒಟ್ಟು ಗುತ್ತಿಗೆಯವರು ನಷ್ಟ ಆಗದಿರಲೆಂದು ಕೊಳೆತದ್ದನ್ನೂ ಮುಚ್ಚಿಬಿಡುತ್ತಾರೆ. ಬ್ರಾಸಿ ತಮ್ಮ ಕೆಳಗಿನ ತುಂಡು ಗುತ್ತಿಗೆದಾರರಿಗೆ ದರ ಗೊತ್ತು ಮಾಡಿ ಕೊಡುತ್ತಿದ್ದರು, ಆದರೆ ತಾವೇ ಹಾದಿಯುದ್ದಕ್ಕೂ ನಡೆದು ನೋಡಿ, ಎಣಿಸದ ಕಡೆ ಗಟ್ಟಿ ಬಂಡೆ ಸಿಕ್ಕಿದ್ದರೆ ಕೇಳುವ ಮೊದಲೇ ದರ ಏರಿಸುತ್ತಿದ್ದರು. ಮನೆಯವರೂ ಆ ಬುದ್ಧಿ ಇಟ್ಟುಕೊಂಡರೆ ಕೆಲಸ ಚೆನ್ನಾಗಿ ಆಗುತ್ತದೆ. ಎಸ್ಟಿಮೇಟಿನ ಮೇಲೆ ಶೇಕಡಾ 20 ಕೈಯಲ್ಲಿಟ್ಟುಕೊಂಡೇ ಹಳೇ ಮಾಡು ಬಿಚ್ಚಿಸಿ.

ಅಡ್ವಾನ್ಸ್ ವಿಚಾರದಲ್ಲಿ ಗಟ್ಟಿಯಾಗಿರಬೇಕು. ನೆಲ್ಸನ್ ಸ್ತಂಭ ಕಟ್ಟಿದ, ಬ್ರಿಟಿಷ್ ಪಾರ್ಲಿಮೆಂಟ್ ಕಟ್ಟಡದ ಗುತ್ತಿಗೆ ಹಿಡಿದಿದ್ದ ಸ್ಯಾಮ್ಯುಯೆಲ್ ಮಾರ್ಟನ್ ಪೆಟೊ ಅಂಥವರೇ 1866ರಲ್ಲಿ ಓವರೆಂಡ್ ಗರ್ನಿ ಬ್ಯಾಂಕು ಮುಳುಗಿದಾಗ ದಿವಾಳಿಯಾದರು, ಯಾಕೆಂದರೆ ಕೈಯಲ್ಲಿದ್ದ ಕೆಲಸ ಅಷ್ಟೂ ಸಾಲದ ಮೇಲೆ ನಿಂತಿತ್ತು. ಈ ತಂಡ ಕೇಳಿದ್ದು ಶೇಕಡಾ 15, ಹಂಚು ಮತ್ತು ಮರಕ್ಕೆಂದು. ಅದು ನ್ಯಾಯವಾದದ್ದು. ಶೇಕಡಾ 40 ಕೇಳುವವರು ನಿಮ್ಮ ದುಡ್ಡಿನಲ್ಲಿ ಬೇರೆಯವರ ಮನೆ ಮುಗಿಸುತ್ತಿರುತ್ತಾರೆ. ಒಂದು ಮಳೆಗಾಲ ಕಳೆಯುವವರೆಗೆ ಶೇಕಡಾ 5 ಹಿಡಿದಿಟ್ಟುಕೊಳ್ಳಲು ಇವರು ತಕರಾರಿಲ್ಲದೆ ಒಪ್ಪಿದರು.

ತಂಡದಲ್ಲಿ ಇಬ್ಬರು ಆಚಾರಿಗಳು ಹತ್ತು ವರ್ಷದ ಮೇಲಿನಿಂದ ಇದ್ದಾರೆ. ಹಂಚಿನವರ ಮಗ ಈಗ ಗಾರೆ ಕಲಿಯುತ್ತಿದ್ದಾನೆ. 1854ರಲ್ಲಿ ಥೇಮ್ಸ್ ದಡದ ಕ್ಯೂಬಿಟ್ ಕಾರ್ಯಾಗಾರ ಸುಟ್ಟು ಬೂದಿಯಾಗಿ ಆಳುಗಳ ಉಳಿ, ಸುತ್ತಿಗೆಗಳೆಲ್ಲ ಹೋದಾಗ, ವಾರದೊಳಗೆ ಎಲ್ಲರಿಗೂ ಕೆಲಸ ಕೊಡುವುದಾಗಿ ಹೇಳಿ, ಹೊಸ ಹತ್ಯಾರಕ್ಕೆ 600 ಪೌಂಡ್ ಕೊಟ್ಟ ವಿಷಯ ದಾಖಲಾಗಿದೆ. ಆಳನ್ನು ಉಳಿಸಿಕೊಂಡವರಿಗೇ ಕಸುಬು ಉಳಿಯುತ್ತದೆ. ಐಲ್ ಆಫ್ ವೈಟ್ ದ್ವೀಪದಲ್ಲಿ ರಾಣಿ ವಿಕ್ಟೋರಿಯಾಳ ಆಸ್ಬರ್ನ್ ಅರಮನೆಯನ್ನು 1845ರಿಂದ 1851ರವರೆಗೆ ಕ್ಯೂಬಿಟ್ ಕಟ್ಟಿದಾಗ ಪ್ರತ್ಯೇಕ ವಾಸ್ತುಶಿಲ್ಪಿ ಇರಲಿಲ್ಲ, ರಾಣಿಯ ಗಂಡ ಆಲ್ಬರ್ಟ್ ಜೊತೆ ಕೂತು ನಕ್ಷೆ ಹಾಕಿದ್ದೂ ಕ್ಯೂಬಿಟ್ ಅವರೇ. ಈ ತಂಡದವರೂ ಆರ್ಕಿಟೆಕ್ಟ್ ಬೇಡ ಅನ್ನುತ್ತಾರೆ. ರಿಪೇರಿಗೆ ಒಪ್ಪಬಹುದು. ಗೋಡೆ ಒಡೆದು ಬಾಗಿಲು ದೊಡ್ಡದು ಮಾಡುವುದು, ಮಹಡಿ ಏರಿಸುವುದು ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇಲ್ಲದೆ ಬೇಡ.

ಯಾರಿಗೆ ಹೊಂದುತ್ತದೆ? ಅವಸರ ಇಲ್ಲದವರಿಗೆ, ಹಳೇ ಮರ, ಹಳೇ ಹಂಚು ಉಳಿಯಲಿ ಅನ್ನುವವರಿಗೆ. ಮೇ ತಿಂಗಳ ಸೀಸನ್ನಿಗೆ ಹೋಂಸ್ಟೇ ತೆರೆಯಲೇಬೇಕು ಅನ್ನುವವರಿಗೆ ಅಲ್ಲ. ಇಬ್ಬರು ಸಹಾಯಕರ ಜೊತೆ ಒಬ್ಬ ಆಚಾರಿ ಒಂದು ಚದರ ಮಾಡು ಬಿಚ್ಚಿ ಕಟ್ಟಲು ಎರಡು ದಿನ ಹಿಡಿಯುತ್ತದೆ, ನವೆಂಬರ್‌ನಿಂದ ಕಾಫಿ ಕೊಯ್ಲು ಶುರುವಾದರೆ ಸಹಾಯಕ ಆಳು ಸಿಗುವುದೂ ಕಷ್ಟ. ಮಾಡನ್ನು ಡಿಸೆಂಬರ್‌ನಲ್ಲಿ ಬಿಚ್ಚಿ ಫೆಬ್ರವರಿಯೊಳಗೆ ಮುಚ್ಚಬೇಕು, ಹೊರಗೋಡೆಯ ಗಾರೆ ಮಾರ್ಚ್ ಮಧ್ಯಕ್ಕೆ ಮುಗಿಯಬೇಕು. ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಯಾವ ದಿನ ಬರುತ್ತದೋ ಹೇಳಲಾಗದು, ಹತ್ತು ದಿನವೂ ತುಂಬದ ಸುಣ್ಣಕ್ಕೆ ಅದು ಬಿದ್ದರೆ ಮೇಲ್ಪದರ ತೊಳೆದುಹೋಗುತ್ತದೆ. ಹೀಗಾಗಿ ಇವರನ್ನು ಗೊತ್ತು ಮಾಡುವುದಿದ್ದರೆ ಗಣೇಶನ ಹಬ್ಬದ ಹೊತ್ತಿಗೇ ಬಂಗಲೆ ತೋರಿಸಬೇಕು. ಮಳೆಗಾಲದ ಕೊನೆಯಲ್ಲಿ ಬಂದರೆ ಸೋರುವ ಜಾಗ, ತೇವ ಏರಿದ ಎತ್ತರ ಎರಡೂ ಕಣ್ಣಿಗೆ ಕಾಣುತ್ತವೆ. ಅದನ್ನು ಗೋಡೆಯ ಮೇಲೆ ಸೀಸದಕಡ್ಡಿಯಲ್ಲಿ ಗುರುತು ಮಾಡಿಸಿ, ದಿನಾಂಕ ಬರೆಸಿ, ಫೋಟೋ ತೆಗೆದಿಟ್ಟುಕೊಂಡು ಆಮೇಲೆ ಎಸ್ಟಿಮೇಟು ಕೇಳಿ.